ಹಳೆಯ ವಿಡಿಯೊ ಕ್ಯಾಸೆಟ್‌ಗಳ ಬಣ್ಣ: ಡಿಜಿಟಲ್ ಪ್ರತಿ ಮಾಡುವಾಗ ಭಕ್ತರು ಅರಿತಿರಬೇಕಾದ ವಿಚಾರಗಳು



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಭಕ್ತರ ಮನೆಗಳಲ್ಲಿ, ಅಟ್ಟದ ಮೇಲೋ ಬೀರುವಿನ ತಳದಲ್ಲೋ, ಹಳೆಯ ವಿಡಿಯೊ ಕ್ಯಾಸೆಟ್‌ಗಳು ಇಂದಿಗೂ ಉಳಿದಿವೆ. ಮಕ್ಕಳ ಮದುವೆ, ಗೃಹಪ್ರವೇಶ, ಪೂಜ್ಯರ ಪಾದಪೂಜೆ, ಊರ ಗುಡಿಯ ಕಳಸಾರೋಹಣ, ಬೇಬಿ ಬೆಟ್ಟದ ಮತ್ತು ಹೇಮಗಿರಿಯ ದನಗಳ ಜಾತ್ರೆ, ಮೇಲುಕೋಟೆಯ ವೈರಮುಡಿ ಉತ್ಸವ ಮೊದಲಾದವು ಸುಮಾರು ಎರಡು ದಶಕಗಳ ಕಾಲ ಇಂತಹ ಕ್ಯಾಸೆಟ್‌ಗಳಲ್ಲಿಯೇ ದಾಖಲಾದವು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿ ಮಕ್ಕಳು ಮೊಮ್ಮಕ್ಕಳಿಗೆ ಉಳಿಸಬೇಕೆಂಬ ಅಭಿಲಾಷೆ ಈಗ ಅನೇಕರಲ್ಲಿದೆ. ಆದರೆ ಪ್ರತಿ ಮಾಡಿಸಿದಾಗ ಚಿತ್ರ ಕಪ್ಪು-ಬಿಳುಪಾಗಿಯೋ, ಕೆಂಪು ಹರಡಿಕೊಂಡೋ, ಮುಖಗಳೆಲ್ಲ ಹಳದಿಯಾಗಿಯೋ ಬಂದಾಗ ಬಹುಮಂದಿ ನಿರಾಶರಾಗಿ ಕ್ಯಾಸೆಟ್ಟನ್ನೇ ಎಸೆದುಬಿಡುತ್ತಾರೆ. ಹಾಗೆ ಎಸೆಯುವ ಮುನ್ನ ಈ ಲೇಖನವನ್ನು ಓದಬೇಕೆಂದು ನಾವು ಕೋರುತ್ತೇವೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಮನೆಯವರು ಒಮ್ಮೆ ಮದುವೆಯ ಕ್ಯಾಸೆಟ್ಟೊಂದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡು ಶ್ರೀಮಠಕ್ಕೆ ಬಂದಿದ್ದರು. ಅಂಗಡಿಯೊಂದರಲ್ಲಿ ಅದರ ಪ್ರತಿ ಮಾಡಿಸಿದ್ದರು. ಚಿತ್ರ ಪೂರ್ತಿ ಕಪ್ಪು-ಬಿಳುಪಾಗಿ ಬಂದಿತ್ತು. “ಬಣ್ಣವೆಲ್ಲ ಹೊಂಟೋಗದೆ ಬುದ್ಧಿ, ಇನ್ನು ಮಡಿಕಂಡು ಏನ್ ಮಾಡದು?” ಎಂದು ಮನೆಯ ಯಜಮಾನರು ಪೂಜ್ಯರಲ್ಲಿ ನೊಂದು ನುಡಿದರು. ಲಿಂಗೈಕ್ಯರಾದ ಅವರ ಧರ್ಮಪತ್ನಿ ನಡೆದಾಡುವ, ನಗುವ, ಮಾತನಾಡುವ ಚಿತ್ರ ಇದ್ದುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಪೂಜ್ಯರು ಅದನ್ನು ಪರೀಕ್ಷಿಸಿ ನೋಡುವಂತೆ ನಮಗೆ ಅಪ್ಪಣೆ ಕೊಟ್ಟರು. ನೋಡಿದಾಗ ಟೇಪಿನಲ್ಲಿ ಬಣ್ಣ ಭದ್ರವಾಗಿಯೇ ಇತ್ತು. ದೋಷ ಇದ್ದುದು ಬೇರೆಡೆ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಟೇಪಿನಲ್ಲಿ ಬಣ್ಣ ಇರುವ ಬಗೆ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಹಳೆಯ ಫೋಟೊದಲ್ಲಿ ಬಣ್ಣವು ರಾಸಾಯನಿಕ ರೂಪದಲ್ಲಿರುತ್ತದೆ. ಬಿಸಿಲಿಗೆ, ಕಾಲಕ್ಕೆ ಅದು ಮಾಸುತ್ತದೆ. ವಿಡಿಯೊ ಟೇಪಿನಲ್ಲಿ ಹಾಗಿಲ್ಲ. ಅಲ್ಲಿ ಬಣ್ಣವು ಕಾಂತೀಯ ಸಂಕೇತವಾಗಿ ಅಡಗಿರುತ್ತದೆ. ಆ ಸಂಕೇತ ದುರ್ಬಲವಾಗಬಹುದು, ಧೂಳು ಮತ್ತು ಬೂಷ್ಟಿನಿಂದ ಓದಲಾಗದಂತಾಗಬಹುದು. ಆದರೆ ಫೋಟೊ ಹಳದಿಗಟ್ಟುವಂತೆ ಟೇಪಿನ ಬಣ್ಣ ಹಳದಿಗಟ್ಟುವುದಿಲ್ಲ. ಆದ್ದರಿಂದ ಪ್ರತಿಯಲ್ಲಿ ಬಣ್ಣ ಕಾಣದಿದ್ದರೆ ಟೇಪಿನಿಂದಲೇ ಬಣ್ಣ ಹೋಗಿದೆ ಎಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಭಾರತದ ದೂರದರ್ಶನಕ್ಕೆ ಬಣ್ಣ ಬಂದುದು 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ. ನಮ್ಮ ದೇಶ ಆಯ್ದುಕೊಂಡದ್ದು ‘ಪಾಲ್’ ಎಂಬ ಪದ್ಧತಿಯನ್ನು. ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಒಂದು ಸೆಕೆಂಡಿಗೆ 25 ಚಿತ್ರಗಳು. ಅಮೆರಿಕ ಮತ್ತು ಜಪಾನ್‌ಗಳಲ್ಲಿ ಇದ್ದುದು ‘ಎನ್‌ಟಿಎಸ್‌ಸಿ’. ಅಲ್ಲಿ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ನಮ್ಮ ಮನೆಗಳಲ್ಲಿರುವ ಅರ್ಧ ಅಂಗುಲದ ಟೇಪಿನ ವಿಎಚ್‌ಎಸ್ ಕ್ಯಾಸೆಟ್ಟನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದಿತು.

ಈ ಟೇಪಿನಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿ ದಾಖಲಾಗುತ್ತವೆ. ಬೆಳಕಿನ ಸಂಕೇತ 3.8ರಿಂದ 4.8 ಮೆಗಾಹರ್ಟ್ಸ್ ನಡುವೆ ಏರಿಳಿಯುತ್ತದೆ. 4.43 ಮೆಗಾಹರ್ಟ್ಸ್‌ನಲ್ಲಿರುವ ಬಣ್ಣದ ಸಂಕೇತವನ್ನು ಸುಮಾರು 627 ಕಿಲೊಹರ್ಟ್ಸ್‌ಗೆ ಇಳಿಸಿ, ಬೆಳಕಿನ ಸಂಕೇತದ ಅಡಿಯಲ್ಲಿ ಇಡಲಾಗುತ್ತದೆ. ಕ್ಯಾಸೆಟ್ ಓಡಿಸುವಾಗ ವಿಸಿಆರ್ ಅದನ್ನು ಮತ್ತೆ ಮೇಲಕ್ಕೆತ್ತಿ ಬೆಳಕಿನೊಡನೆ ಕೂಡಿಸುತ್ತದೆ. ಜೊತೆಗೆ, ಪ್ರತಿ ಗೆರೆಯ ಚಿತ್ರಭಾಗ ಆರಂಭವಾಗುವ ಮುನ್ನ ಬಣ್ಣದ ಒಂದು ಕಿರುಗುರುತು ಇರುತ್ತದೆ. ಆ ಗುರುತು ಕ್ಷೀಣವಾಗಿದ್ದರೆ, ಇಲ್ಲವೆ ಮುಂದಿನ ಯಂತ್ರಕ್ಕೆ ಅರ್ಥವಾಗದಿದ್ದರೆ, ಯಂತ್ರದೊಳಗಿನ ‘ಕಲರ್ ಕಿಲ್ಲರ್’ ಎಂಬ ಭಾಗವು ಬಣ್ಣವನ್ನು ತಾನಾಗಿಯೇ ನಿಲ್ಲಿಸಿ ಕಪ್ಪು-ಬಿಳುಪು ಚಿತ್ರವನ್ನು ಮಾತ್ರ ಬಿಡುತ್ತದೆ. ಹೀಗಾಗಿ ಕಪ್ಪು-ಬಿಳುಪು ಚಿತ್ರ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಬಣ್ಣವನ್ನು ಯಾವ ಯಂತ್ರ ತಡೆಯಿತು ಎಂಬುದು.

ಓಡಿಸುವ ಮುನ್ನ

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ಕ್ಯಾಸೆಟ್ಟಿಗೆ ಬರುವ ಬಾಧೆ ಒಂದೇ ಬಗೆಯದಲ್ಲ. ಕಾವೇರಿಯ ದಂಡೆಯ ಶ್ರೀರಂಗಪಟ್ಟಣದಲ್ಲಿ, ಕಾಲುವೆ ನೀರಿನ ಪಾಂಡವಪುರದ ಬಯಲಿನಲ್ಲಿ ತೇವದಿಂದ ಬೂಷ್ಟು ಹಿಡಿಯುವುದುಂಟು. ನಾಗಮಂಗಲದ ಒಣ ಸೀಮೆಯಲ್ಲಿ ಧೂಳು ಹಾಗೂ ಶೀಟಿನ ಮಾಡಿನ ಬಿಸಿ ಹೆಚ್ಚು. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಸುರುಳಿಯ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳಿದ್ದರೆ ಅದು ಬೂಷ್ಟು. ಅಂತಹ ಕ್ಯಾಸೆಟ್ಟನ್ನು ಎಂದಿಗೂ ಹಾಗೆಯೇ ಓಡಿಸಬಾರದು. ಬೂಷ್ಟು ವಿಸಿಆರ್‌ನ ಹೆಡ್‌ಗೆ ಅಂಟಿ, ಆ ಬಳಿಕ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಪ್ರತ್ಯೇಕ ಚೀಲದಲ್ಲಿಟ್ಟು, ಟೇಪ್ ಶುಚಿ ಮಾಡಬಲ್ಲ ಅನುಭವಸ್ಥರಿಗೆ ಒಪ್ಪಿಸುವುದು ಕ್ಷೇಮ.

ಬೂಷ್ಟಿಲ್ಲದ ಕ್ಯಾಸೆಟ್ಟನ್ನೂ ತಂಪು ಜಾಗದಿಂದ ತಂದ ತಕ್ಷಣ ಓಡಿಸದೆ, ಒಂದು ದಿನ ಕೋಣೆಯಲ್ಲಿಟ್ಟು, ಬಳಿಕ ಒಮ್ಮೆ ಕೊನೆಯವರೆಗೆ ಮುಂದಕ್ಕೆ ಸುತ್ತಿ ಮತ್ತೆ ಹಿಂದಕ್ಕೆ ಸುತ್ತಿಕೊಳ್ಳಬೇಕು. ವಿಸಿಆರ್ ಸರಿಯಾಗಿದೆಯೇ ಎಂಬುದನ್ನು ಬೆಲೆಯಿಲ್ಲದ ಒಂದು ಹಳೆಯ ಕ್ಯಾಸೆಟ್ ಹಾಕಿ ನೋಡಬೇಕೇ ಹೊರತು ಮದುವೆಯ ಕ್ಯಾಸೆಟ್ ಹಾಕಿ ಪರೀಕ್ಷಿಸಬಾರದು.

ದೋಷ ಎಲ್ಲಿದೆ ಎಂದು ಕಂಡುಕೊಳ್ಳುವ ಕ್ರಮ

ಟೇಪು, ವಿಸಿಆರ್, ಕೇಬಲ್, ಕ್ಯಾಪ್ಚರ್ ಕಾರ್ಡ್, ಕಂಪ್ಯೂಟರ್, ಈ ಐದನ್ನೂ ದಾಟಿ ಬಣ್ಣ ನಮ್ಮ ಕಣ್ಣಿಗೆ ಬರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದೇ ಸರಿಯಾದ ಕ್ರಮ.

ಮೊದಲನೆಯದಾಗಿ, ವಿಸಿಆರ್ ಅನ್ನು ಕಂಪ್ಯೂಟರಿನಿಂದ ಬಿಡಿಸಿ ನೇರವಾಗಿ ಟಿವಿಗೆ ಜೋಡಿಸಿರಿ. ಟಿವಿಯಲ್ಲಿ ಬಣ್ಣ ಬಂದರೆ ಟೇಪು ಹಾಗೂ ವಿಸಿಆರ್ ಎರಡೂ ನಿರ್ದೋಷಿ. ದೋಷ ಮುಂದಿನ ಜೋಡಣೆಯಲ್ಲಿದೆ. ಟಿವಿಯಲ್ಲಿಯೂ ಬಣ್ಣ ಬಾರದಿದ್ದರೆ ಅದೇ ವಿಸಿಆರ್‌ಗೆ ಬೇರೆ ಕ್ಯಾಸೆಟ್ ಹಾಕಿರಿ. ಅದರಲ್ಲಿಯೂ ಬಣ್ಣವಿಲ್ಲವಾದರೆ ವಿಸಿಆರ್ ಅಥವಾ ಕೇಬಲ್ ಶಂಕಾಸ್ಪದ. ಬೇರೆ ಕ್ಯಾಸೆಟ್‌ನಲ್ಲಿ ಬಣ್ಣ ಬಂದು ನಮ್ಮದರಲ್ಲಿ ಮಾತ್ರ ಬಾರದಿದ್ದರೆ, ಇನ್ನೊಂದು ವಿಸಿಆರ್‌ನಲ್ಲಿ ನೋಡುವವರೆಗೂ ತೀರ್ಪು ಕೊಡಬೇಡಿರಿ.

ಚಿತ್ರ ಪೂರ್ತಿ ಕಪ್ಪು-ಬಿಳುಪಾದಾಗ

ಮೇಲೆ ಹೇಳಿದ ಮದುವೆಯ ಕ್ಯಾಸೆಟ್ಟಿನ ಪ್ರಸಂಗ ಇದೇ ಬಗೆಯದು. ವಿಚಾರಿಸಿದಾಗ ತಿಳಿದುಬಂದುದು ಇಷ್ಟು: ವಿಸಿಆರ್‌ನ ಹಳದಿ ಕೇಬಲ್ಲನ್ನು ಒಂದು ಪುಟ್ಟ ಅಡಾಪ್ಟರ್ ಮೂಲಕ ಕ್ಯಾಪ್ಚರ್ ಕಾರ್ಡಿನ ಎಸ್-ವಿಡಿಯೊ ಕಿಂಡಿಗೆ ಜೋಡಿಸಲಾಗಿತ್ತು. ಎಸ್-ವಿಡಿಯೊದಲ್ಲಿ ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಇನ್ನೊಂದು ತಂತಿ. ಹಳದಿ ಕೇಬಲ್‌ನಲ್ಲಿ ಎರಡೂ ಬೆರೆತು ಬರುತ್ತವೆ. ಬೆರೆತದ್ದನ್ನು ಬೆಳಕಿನ ತಂತಿಗೆ ಮಾತ್ರ ಕೊಟ್ಟರೆ ಬಣ್ಣದ ತಂತಿ ಬರಿದಾಗಿರುತ್ತದೆ, ಚಿತ್ರ ಕಪ್ಪು-ಬಿಳುಪಾಗುತ್ತದೆ. ಹಳದಿ ಕೇಬಲ್ಲನ್ನು ಹಳದಿ ಕಿಂಡಿಗೇ ಹಾಕಿ, ಕಂಪ್ಯೂಟರಿನಲ್ಲಿ ‘ಕಾಂಪೊಸಿಟ್’ ಎಂಬುದನ್ನು ಆರಿಸಿದೊಡನೆ ಬಣ್ಣ ಬಂದಿತು.

ಇದೇ ಜಾತಿಯ ಇತರ ಕಾರಣಗಳೂ ಇವೆ. ಕೆಲವು ಟಿವಿಗಳಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಕಿಂಡಿಗಳಿರುತ್ತವೆ. ಹಳದಿ ಕೇಬಲ್ಲನ್ನು ತಪ್ಪಿ ಹಸಿರು ಕಿಂಡಿಗೆ ಹಾಕಿದರೂ ಚಿತ್ರ ಕಪ್ಪು-ಬಿಳುಪಾಗುತ್ತದೆ. ಎಸ್-ವಿಡಿಯೊ ಕೇಬಲ್‌ನ ನಾಲ್ಕು ಸೂಜಿಗಳಲ್ಲಿ ಒಂದು ಬಾಗಿದ್ದರೂ ಬಣ್ಣ ನಿಲ್ಲುತ್ತದೆ. ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಪದ್ಧತಿ ಎನ್‌ಟಿಎಸ್‌ಸಿ ಎಂದು ಇರುವುದು ಮತ್ತೊಂದು ಸಾಮಾನ್ಯ ಕಾರಣ. ಅಲ್ಲಿ ‘ಪಾಲ್-ಬಿ’ ಅಥವಾ ‘ಪಾಲ್-ಬಿಡಿಜಿಎಚ್‌ಐ’ ಎಂಬುದನ್ನು ಆರಿಸಬೇಕು. ಆಗ ಚಿತ್ರದ ಅಳತೆ 720x576, ವೇಗ ಸೆಕೆಂಡಿಗೆ 25 ಚಿತ್ರ ಎಂದು ಇರಬೇಕು. 720x480 ಎಂದು ಕಂಡರೆ ಪದ್ಧತಿ ತಪ್ಪಾಗಿದೆ ಎಂದೇ ತಿಳಿಯಿರಿ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಅಲ್ಲಿನ ನಾಮಕರಣ, ಗೃಹಪ್ರವೇಶಗಳ ಕ್ಯಾಸೆಟ್‌ಗಳನ್ನು ಊರಿಗೆ ಕಳುಹಿಸಿರುವುದುಂಟು. ಅವು ಎನ್‌ಟಿಎಸ್‌ಸಿ ಕ್ಯಾಸೆಟ್‌ಗಳು. ನಮ್ಮಲ್ಲಿನ ಕೆಲವು ವಿಸಿಆರ್‌ಗಳು ಅವುಗಳನ್ನು ಓಡಿಸಿದರೂ ‘ಪಾಲ್-60’ ಎಂಬ ಮಿಶ್ರ ರೂಪದಲ್ಲಿ ಹೊರಬಿಡುತ್ತವೆ. ಟಿವಿ ಅದನ್ನು ಬಣ್ಣದಲ್ಲಿಯೇ ತೋರಿಸಬಹುದು. ಅನೇಕ ಕ್ಯಾಪ್ಚರ್ ಕಾರ್ಡ್‌ಗಳಿಗೆ ಮಾತ್ರ ಅದು ಅರ್ಥವಾಗುವುದಿಲ್ಲ. ವಿಸಿಆರ್‌ನ ಆಯ್ಕೆಯಲ್ಲಿ ಶುದ್ಧ ಎನ್‌ಟಿಎಸ್‌ಸಿ ಹೊರಬರುವಂತೆ ಮಾಡಿ, ಕಾರ್ಡನ್ನೂ ಅದಕ್ಕೇ ಹೊಂದಿಸಬೇಕು.

ಬಣ್ಣ ಬಂದು ಹೋಗುತ್ತಿದ್ದರೆ

ಚಿತ್ರದಲ್ಲಿ ಹಿಮದಂತಹ ಬಿಳಿ ಚುಕ್ಕೆಗಳು ತುಂಬಿ, ನಡುನಡುವೆ ಬಣ್ಣ ಮಾಯವಾಗುತ್ತಿದ್ದರೆ ಹೆಡ್ ಕೊಳೆಯಾಗಿದೆ ಅಥವಾ ಟ್ರ್ಯಾಕಿಂಗ್ ತಪ್ಪಿದೆ. ಮೊದಲು ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನವಾಗಿ ಹೊಂದಿಸಿರಿ. ವಿಸಿಆರ್‌ನಲ್ಲಿ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಯಿದ್ದರೂ ಕೈಯಿಂದ ಹೊಂದಿಸಿದಾಗ ಹೆಚ್ಚು ಸ್ಪಷ್ಟವಾಗುವುದುಂಟು. ಅದರಿಂದ ಆಗದಿದ್ದರೆ ವಿದ್ಯುತ್ ಸಂಪರ್ಕ ತೆಗೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತುಸು ನೆನೆಸಿದ, ನೂಲು ಬಿಡದ ಶಾಮಿ ಚರ್ಮದ ತುಂಡನ್ನು ಹೆಡ್‌ನ ಡ್ರಮ್ಮಿಗೆ ಒತ್ತದೆ ತಾಗಿಸಿ ಹಿಡಿದು, ಡ್ರಮ್ಮನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಮೇಲಿನಿಂದ ಕೆಳಕ್ಕೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕೊರೊನಾ ಕಾಲದಿಂದ ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಈ ಕೆಲಸಕ್ಕೆ ಬಾರದು; ಅದರಲ್ಲಿ ನೀರೂ ಸಾಮಾನ್ಯವಾಗಿ ಗ್ಲಿಸರಿನ್ನೂ ಇರುತ್ತವೆ. ಪೂರ್ತಿ ಒಣಗಿದ ಬಳಿಕವೇ ಕ್ಯಾಸೆಟ್ ಹಾಕಬೇಕು. ಕೈ ಪಳಗದವರು ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡುವುದು ಒಳಿತು. ವಿಸಿಆರ್ ತಯಾರಿಕೆಯನ್ನು ಕೊನೆಯವರೆಗೆ ನಡೆಸಿಕೊಂಡು ಬಂದಿದ್ದ ಜಪಾನಿನ ಫುನೈ ಕಂಪನಿಯೂ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿದೆ. ಕೈಯಲ್ಲಿರುವ ಯಂತ್ರ ಕೆಟ್ಟರೆ ಹೊಸದು ಸಿಗುವುದಿಲ್ಲ.

ಕೆಂಪು ಹರಡಿದಾಗ, ಬಣ್ಣ ಪಕ್ಕಕ್ಕೆ ಸರಿದಾಗ

ಮದುಮಗಳ ಕೆಂಪು ಸೀರೆಯ ಬಣ್ಣ ಸೀರೆಯ ಅಂಚನ್ನು ದಾಟಿ ಬಲಕ್ಕೆ ಹರಿದಂತೆ, ಹಣೆಯ ಕುಂಕುಮ ಹುಬ್ಬಿನವರೆಗೆ ಇಳಿದಂತೆ ಕಾಣುವುದು ವಿಎಚ್‌ಎಸ್‌ನ ಹುಟ್ಟುಗುಣ. ಬಣ್ಣಕ್ಕೆ ಟೇಪಿನಲ್ಲಿ ದೊರೆತ ಜಾಗ ಬಹಳ ಕಿರಿದು. ಬೆಳಕಿನಷ್ಟು ಸೂಕ್ಷ್ಮವಾಗಿ ಅದು ಮೂಡುವುದಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಷ್ಟೂ ಈ ದೋಷ ಹೆಚ್ಚುತ್ತದೆ, ಬಣ್ಣ ಪ್ರತಿ ಸಲವೂ ತುಸು ಕೆಳಕ್ಕೆ ಸರಿಯುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಮೂಲ ಕ್ಯಾಸೆಟ್ಟಿನಿಂದ ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು, ಸೋದರಮಾವನ ಮನೆಗೊಂದು ಎಂದು ಪ್ರತಿ ಮಾಡಿಸುತ್ತಿದ್ದುದುಂಟು. ಆದ್ದರಿಂದ ನಿಮ್ಮ ಕ್ಯಾಸೆಟ್ಟಿನಲ್ಲಿ ಬಣ್ಣ ಬಹಳ ಹರಡಿದ್ದರೆ ಬೀಗರ ಮನೆಯಲ್ಲಿ ಒಮ್ಮೆ ವಿಚಾರಿಸಿರಿ. ಮೂಲ ಕ್ಯಾಸೆಟ್ ಅಲ್ಲಿಯೇ ಉಳಿದಿರಬಹುದು. ಅದು ದೊರೆತರೆ ಯಾವ ಸಾಫ್ಟ್‌ವೇರ್ ಕೊಡಲಾರದ ಫಲ ಸಿಗುತ್ತದೆ. ದೊರೆಯದಿದ್ದಲ್ಲಿ, ಸರಿದ ಬಣ್ಣವನ್ನು ಎಡಕ್ಕೂ ಮೇಲಕ್ಕೂ ತುಸು ಸರಿಸುವ ಸೌಲಭ್ಯ ‘ವರ್ಚುಯಲ್‌ಡಬ್’ನಂತಹ ಸಾಫ್ಟ್‌ವೇರ್‌ಗಳ ಫಿಲ್ಟರ್‌ಗಳಲ್ಲಿದೆ.

ಮುಖವೆಲ್ಲ ಹಳದಿ, ನೀಲಿ, ಹಸಿರು

ಪಾಲ್ ಪದ್ಧತಿಯಲ್ಲಿ ಬಣ್ಣದ ಸಂಕೇತವು ಒಂದು ಗೆರೆ ಬಿಟ್ಟು ಒಂದು ಗೆರೆಗೆ ತಿರುವುಮುರುವಾಗುತ್ತದೆ. ದಾರಿಯಲ್ಲಿ ಬಣ್ಣ ತುಸು ತಪ್ಪಿದರೂ ಎರಡು ಗೆರೆಗಳ ತಪ್ಪು ಒಂದನ್ನೊಂದು ಕಳೆಯುತ್ತದೆ. ಬಣ್ಣ ಮಂಕಾಗಬಹುದು, ಬೇರೆಯಾಗುವುದಿಲ್ಲ. ಹೀಗಾಗಿ ಚಿತ್ರವಿಡೀ ಹಳದಿಯಾಗಿಯೋ ನೀಲಿಯಾಗಿಯೋ ಇದ್ದರೆ ಬಹುಮಟ್ಟಿಗೆ ಅದು ಚಿತ್ರೀಕರಣದ ದಿನವೇ ಸೇರಿಕೊಂಡ ದೋಷ. ಛತ್ರದಲ್ಲಿ ವಿಡಿಯೊದವರು ಹಿಡಿಯುತ್ತಿದ್ದ ಹ್ಯಾಲೊಜೆನ್ ದೀಪದ ಬೆಳಕು ಹಳದಿ. ಅದರ ವರ್ಣತಾಪ ಸುಮಾರು 3200 ಕೆಲ್ವಿನ್. ಹಗಲಿನ ಬೆಳಕಿನದು ಸುಮಾರು 5600. ಕ್ಯಾಮೆರಾವನ್ನು ಒಂದಕ್ಕೆ ಹೊಂದಿಸಿ ಇನ್ನೊಂದರಲ್ಲಿ ಚಿತ್ರ ತೆಗೆದರೆ ಹೊರಗಿನ ದಿಬ್ಬಣ ನೀಲಿಯಾಗಿ, ಒಳಗಿನ ಧಾರೆ ಹಳದಿಯಾಗಿ ಮೂಡುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಹಸಿರು ಛಾಯೆ ಬರುತ್ತದೆ. ರಾತ್ರಿಯಲ್ಲಿ ಜರುಗುವ ವೈರಮುಡಿ ಉತ್ಸವದಂತಹ ಚಿತ್ರಣದಲ್ಲಿ ಹಲವು ಬಗೆಯ ದೀಪಗಳು ಒಟ್ಟಿಗಿರುವುದರಿಂದ ಒಂದೇ ತಿದ್ದುಪಡಿ ಎಲ್ಲ ದೃಶ್ಯಗಳಿಗೂ ಹೊಂದುವುದಿಲ್ಲ.

ಇಂತಹ ದೋಷವನ್ನು ಪ್ರತಿ ಮಾಡುವಾಗಲೇ ತಿದ್ದಲು ಹೋಗಬಾರದು. ಪ್ರತಿ ಆದ ಬಳಿಕ, ಅದರ ಇನ್ನೊಂದು ನಕಲಿನ ಮೇಲೆ, ದೃಶ್ಯ ದೃಶ್ಯವಾಗಿ ತಿದ್ದಬೇಕು. ತಿದ್ದುವಾಗ ಯಾವುದು ನಿಜವಾದ ಬಿಳುಪು ಎಂಬುದಕ್ಕೆ ಆಧಾರ ಬೇಕಾಗುತ್ತದೆ. ಹಿರಿಯರು ಉಟ್ಟ ಬಿಳಿ ಪಂಚೆಯನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಆದರೆ ಅಂದಿನ ಪಂಚೆಗಳನ್ನು ಒಗೆದು ನೀಲಿಗೆ ಅದ್ದುತ್ತಿದ್ದರೆಂಬುದು ನೆನಪಿರಲಿ. ಹಣೆಯ ವಿಭೂತಿ, ಕಲಶದ ಪಕ್ಕದ ಅಕ್ಕಿ, ಬಾಳೆಲೆಯ ಹಸಿರು, ಜನರ ಮೈಬಣ್ಣ, ಇವೆಲ್ಲವನ್ನೂ ಒಟ್ಟಿಗೆ ನೋಡಿ ನಿರ್ಧರಿಸುವುದು ಮೇಲು.

ಹಳೆಯ ದಪ್ಪ ಟಿವಿಯ ಮೂಲೆಯಲ್ಲಿ ಮಾತ್ರ ನೇರಳೆ ಅಥವಾ ಹಸಿರು ಕಲೆ ಕಂಡರೆ ಅದು ಟೇಪಿನ ದೋಷವಲ್ಲ. ಹತ್ತಿರದಲ್ಲಿಟ್ಟ ಸ್ಪೀಕರ್‌ನ ಅಯಸ್ಕಾಂತ ಆ ಪರದೆಯನ್ನು ಕೆಡಿಸಿರುತ್ತದೆ. ಬೇರೆ ಪರದೆಯಲ್ಲಿ ನೋಡಿದರೆ ಸಂಶಯ ತೀರುತ್ತದೆ.

ಬೆಳಕು ಹೆಚ್ಚಾದರೂ ಬಣ್ಣ ಹೋಗುತ್ತದೆ

ಒಂದು ದೋಷವನ್ನು ಮಾತ್ರ ಪ್ರತಿ ಮಾಡುವ ಮುನ್ನವೇ ಸರಿಪಡಿಸಬೇಕು. ಕ್ಯಾಪ್ಚರ್ ಕಾರ್ಡಿನಲ್ಲಿ ಬೆಳಕಿನ ಮಟ್ಟ ಹೆಚ್ಚಿದ್ದರೆ ಬಿಳಿಯ ಭಾಗಗಳಲ್ಲಿನ ವಿವರ ಶಾಶ್ವತವಾಗಿ ಕಳೆದುಹೋಗುತ್ತದೆ. ಆಮೇಲೆ ಏನು ಮಾಡಿದರೂ ಮರಳುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ಸುಲಭ ಪರೀಕ್ಷೆಯೊಂದಿದೆ. ಹತ್ತಿರದಿಂದ ತೆಗೆದ ಮುಖದ ದೃಶ್ಯದಲ್ಲಿ ಹಣೆಯ ತ್ರಿಪುಂಡ್ರದ ಮೂರು ಗೆರೆಗಳು ಬೇರೆ ಬೇರೆಯಾಗಿ ಕಾಣಬೇಕು. ಟಿವಿಯಲ್ಲಿ ಮೂರಾಗಿ ಕಂಡ ಗೆರೆಗಳು ಕಂಪ್ಯೂಟರಿನಲ್ಲಿ ಒಂದೇ ಬಿಳಿ ಪಟ್ಟಿಯಾದರೆ ಕಾಂಟ್ರಾಸ್ಟ್ ಇಳಿಸಿರಿ. ಹಾಗೆಯೇ ತಲೆಗೂದಲು ಮತ್ತು ರುದ್ರಾಕ್ಷಿಯ ಮಣಿಗಳು ಒಂದೇ ಕಪ್ಪು ಮುದ್ದೆಯಾದರೆ ಬ್ರೈಟ್‌ನೆಸ್ ತುಸು ಏರಿಸಿರಿ. ಪೂಜ್ಯರ ಕಾವಿ ವಸ್ತ್ರದ ಮಡಿಕೆಗಳು ಅಳಿಸಿ ಹೋಗಿ ಬರೀ ಬಣ್ಣದ ಹರವಾಗಿ ಕಂಡರೆ ಬಣ್ಣದ ಮಟ್ಟ ಹೆಚ್ಚಾಗಿದೆ ಎಂದರ್ಥ.

ಚಿತ್ರವು ಕತ್ತಲಾಗಿ ಬೆಳಕಾಗಿ ಮಿಡಿಯುತ್ತಿದ್ದರೆ, ಮಾರಾಟದ ಸಿನಿಮಾ ಕ್ಯಾಸೆಟ್‌ಗಳಲ್ಲಿ ಅದು ಪ್ರತಿ ತಡೆಯಲೆಂದೇ ಸೇರಿಸಿದ ಸಂಕೇತದ ಫಲವಾಗಿರುತ್ತದೆ. ಅವು ಅನ್ಯರ ಸ್ವತ್ತು. ಅವುಗಳ ಪ್ರತಿ ನಮ್ಮ ವಿಷಯವಲ್ಲ. ಮನೆಯ ಕ್ಯಾಸೆಟ್ಟಿನಲ್ಲಿಯೇ ಹಾಗಾದರೆ ಸಂಕೇತ ನಡುಗುತ್ತಿದೆ ಎಂದರ್ಥ. ‘ಟೈಮ್ ಬೇಸ್ ಕರೆಕ್ಟರ್’ ಎಂಬ ಉಪಕರಣವನ್ನು ನಡುವೆ ಜೋಡಿಸಿದರೆ ಅದು ಹದಕ್ಕೆ ಬರುತ್ತದೆ.

ಎರಡು ಪ್ರತಿಗಳ ನಿಯಮ

ಟೇಪಿನಿಂದ ಬಂದುದನ್ನು ಬಂದಂತೆಯೇ, ಏನನ್ನೂ ತಿದ್ದದೆ, ಮೂಲ ಪ್ರತಿಯಾಗಿ ಉಳಿಸಬೇಕು. ಬಣ್ಣ ತಿದ್ದಿದ ಪ್ರತಿ ಬೇರೆಯಾಗಿರಬೇಕು. ಇಂದು ನಾವು ಮಾಡಿದ ತಿದ್ದುಪಡಿ ನಾಳೆ ತಪ್ಪೆನಿಸಬಹುದು. ನಾಳೆ ಇದಕ್ಕಿಂತ ಉತ್ತಮ ಸಾಧನ ಬರಬಹುದು. ಮೂಲ ಪ್ರತಿಯನ್ನು ಡಿವಿ ರೂಪದಲ್ಲಿಟ್ಟರೆ ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಏನನ್ನೂ ಕಳೆಯದ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ರೂಪದಲ್ಲಿ ಇನ್ನೂ ಹೆಚ್ಚು ಜಾಗ ಹಿಡಿಸಿದರೂ ಬಣ್ಣ ಉತ್ತಮವಾಗಿ ಉಳಿಯುತ್ತದೆ. ಮೊಬೈಲಿಗೆ ಕಳುಹಿಸುವ ಸಣ್ಣ ಪ್ರತಿಯನ್ನೇ ಮೂಲವೆಂದು ಭಾವಿಸಬೇಡಿರಿ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಉಳಿಸಿ, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಿರಿ. ಪ್ರತಿ ಆದ ಮೇಲೂ ಕ್ಯಾಸೆಟ್ಟನ್ನು ಎಸೆಯದೆ, ಅಟ್ಟದ ಬಿಸಿಯಿಂದಲೂ ನೆಲದ ತೇವದಿಂದಲೂ ದೂರದಲ್ಲಿ ನಿಲ್ಲಿಸಿ ಇಡಿರಿ.

ಕಾಲ ಹೆಚ್ಚಿಲ್ಲ. ಯುನೆಸ್ಕೊ ಹಾಗೂ ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಸ್ಥೆಗಳು ಕಾಂತೀಯ ಟೇಪುಗಳ ಬಗೆಗೆ ಈಗಾಗಲೇ ಎಚ್ಚರಿಕೆ ನೀಡಿವೆ. ಟೇಪು ಉಳಿದರೂ ಅದನ್ನು ಓಡಿಸುವ ಯಂತ್ರ, ಯಂತ್ರವನ್ನು ಬಲ್ಲ ಕೈ ಉಳಿಯುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿ ಇರುವವರು ಯಾರೆಂದು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರೊಡನೆ ಕುಳಿತು ನೋಡಿ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು.

ಆ ಮದುವೆಯ ಕ್ಯಾಸೆಟ್ಟಿಗೆ ಬಣ್ಣ ಮರಳಿದ ದಿನ, ಚಿತ್ರದಲ್ಲಿ ತಾಯಿಯವರ ಸೀರೆ ಕಿತ್ತಳೆಯಾಗಿ ಕಂಡಿತು. ಮಗಳು ನೋಡಿ, “ಅವ್ವನ ಸೀರೆ ಈ ಬಣ್ಣದ್ದಲ್ಲ” ಎಂದರು. ಮುಂದಿನ ಸೋಮವಾರ ಪೆಟ್ಟಿಗೆಯಲ್ಲಿದ್ದ ಆ ಸೀರೆಯನ್ನೇ ತಂದರು. ಅರಿಶಿನದ ಬಣ್ಣ, ಹಸಿರು ಅಂಚು. ಹ್ಯಾಲೊಜೆನ್ ದೀಪದ ಹಳದಿ ಅದನ್ನು ಕಿತ್ತಳೆಯಾಗಿಸಿತ್ತು. ಸೀರೆಯನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡು, ವಿಭೂತಿ ಬೆಳ್ಳಗಾಗುವವರೆಗೆ, ಸೀರೆ ಸೀರೆಗೆ ಹೊಂದುವವರೆಗೆ ಎರಡನೆಯ ಪ್ರತಿಯಲ್ಲಿ ತಿದ್ದಿದೆವು. ಯಜಮಾನರು ಬಹಳ ಹೊತ್ತು ಮಾತಿಲ್ಲದೆ ನೋಡಿ, “ಹೂಂ, ಇದೇಯ” ಎಂದರು. ಬಳಿಕ ಕ್ಯಾಸೆಟ್ಟನ್ನು ಅದೇ ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಹೊರಟರು.

ತಮ್ಮ ಮನೆಯ ಕ್ಯಾಸೆಟ್‌ಗಳನ್ನು ಪ್ರತಿ ಮಾಡಿಸುವ ಭಕ್ತರು, ಅಂದು ಉಟ್ಟ ಸೀರೆಯೋ ಸುತ್ತಿದ ರುಮಾಲೋ ಇನ್ನೂ ಉಳಿದಿದ್ದರೆ ಅದನ್ನೂ ಜೊತೆಯಲ್ಲಿ ಒಯ್ಯಬೇಕೆಂದು ಕೋರುತ್ತೇವೆ.